ಮೈಲಾರಪ್ಪ ಕೇಳಿದ್ದು

೧೯೮೩ರ ಶ್ರಾವಣ. ಅಕ್ಕಿಆಲೂರಿನಲ್ಲಿ ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಹಾನಗಲ್ಲಿನ ಬಸ್ಸಿಗಾಗಿ ನಾಲ್ಕೈದು ಮಂದಿ ಶಾರವ್ವನ ಚಹದಂಗಡಿಯಲ್ಲಿ ಮುದುಡಿ ಕುಳಿತಿದ್ದರು. ಅವರ ನಡುವೆ ಖಾದರಸಾಬ ಮಾಸ್ತರರು. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ ಅವರಿಗೆ ತಮ್ಮದೇ ಒಂದು ಪ್ರಶ್ನೆಗೆ ಉತ್ತರ ಸಿಗದೆ ಜೀವ ರೋಸಿಹೋಗಿತ್ತು.

"ದೆವ್ವ ಅದಾವೋ ಇಲ್ಲೋ? ನೀವು ಓದಿದವರು, ಹೇಳ್ರಿ ಮಾಸ್ತರ," ಎಂದು ಶಾರವ್ವ ಕೆಣಕಿದಳು.

ಮಾಸ್ತರರು ಕಪ್ಪು ಕೆಳಗಿಟ್ಟರು.

"ಅದಾವವ್ವ. ಆದ್ರ ಅವಕ್ಕೂ ಏನೂ ಗೊತ್ತಿಲ್ಲ, ಅದಽ ನನ್ನ ಹಣೇಬರ... ಕೇಳ್ರಿ. ನೆಲದಾಗಿನ ನೀರು ನೋಡೋ ಮೈಲಾರಪ್ಪ ಇದ್ದನಲ್ಲ, ಅಂವ ತೆಂಗಿನಕಾಯಿ ಹಿಡೀತಿದ್ದಿಲ್ಲ, ಬೇವಿನ ಕಡ್ಡಿ ಹಿಡೀತಿದ್ದಿಲ್ಲ. ಬರಿಗಾಲಿಲೆ ಹೊಲದಾಗ ಅಡ್ಡಾಡಿ, ಒಂದ ಕಡೆ ನಿಂತು, 'ಇಲ್ಲಿ ತೋಡ್ರಿ' ಅಂತಿದ್ದ. ತೋಡಿದ್ರ ನೀರು! ಒಂದ ಬಾವಿನೂ ಹುಸಿ ಹೋಗಿದ್ದಿಲ್ಲ. ಎಪ್ಪತ್ನಾಲ್ಕರಾಗ ನಾನು ಅಂವನ ಬೆನ್ನು ಹತ್ತಿದೆ. 'ಹ್ಯಾಂಗ ಗೊತ್ತಾಗ್ತದೋ?' ಅಂದೆ. 'ನಿಲ್ಲಬೇಕನಸ್ತೈತ್ರಿ, ನಿಲ್ತೇನ್ರಿ,' ಅಂದ. ಇದೊಂದು ಉತ್ತರ ಏನು? ನಾ ಬಿಡ್ತೇನೇನು? ಅಂಗಾಲು ತಣ್ಣಗಾಗ್ತಾವೋ, ಮೊಣಕಾಲು ಜಗ್ತಾವೋ, ಎಡಗಾಲು ಮೊದಲೋ ಬಲಗಾಲು ಮೊದಲೋ... ಆರು ತಿಂಗಳು ವಹಿ ಹಿಡಕೊಂಡು, ಎಲ್ಲಾ ಬರಕೋತ ಹಿಂದಿಂದ ಅಡ್ಡಾಡಿದೆ. ಪಾಪ, ಅಂವನೂ ತನ್ನ ಕಾಲು ತಾನಽ ನೋಡಿಕೋತ ನಡ್ಯಾಕ ಹತ್ತಿದ. ಒಂದಿನ ಭರಮಪ್ಪನ ಹೊಲದಾಗ ನಿಂತು, 'ಮಾಸ್ತರ, ಏನೂ ಅನಸವಲ್ದು' ಅಂದ. ಆದ್ರೂ ಮರ್ಯಾದಿಗೆ ಅಂಜಿ ಒಂದು ಜಾಗಾ ತೋರಿಸಿದ. ನಲವತ್ತು ಅಡಿ ತೋಡಿದ್ರು, ಹನಿ ನೀರಿಲ್ಲ. ಅವತ್ತಿಂದ ಅಂವ ಮನಿ ಬಿಟ್ಟು ಹೊರಗ ಬರಲಿಲ್ಲ. ತಿಂಗಳೊಳಗ ಸತ್ತ... ನಾನಽ ಕೊಂದೆ ಅನ್ರಿ."

ಮಾಸ್ತರರು ಕಪ್ಪನ್ನು ಅತ್ತ ಸರಿಸಿದರು. ಶಾರವ್ವನ ನಗು ಅಡಗಿತ್ತು.

"ಮುಂದಿನ ಮಳಿಗಾಲ, ಇಂಥಾದಽ ಒಂದು ಸಂಜಿ, ನಮ್ಮ ಕಟ್ಟಿ ಮ್ಯಾಲ ಬಂದು ಕುಂತಿದ್ದ. ಅಂಜಿಕಿ ಎಲ್ಲೀದು? ನನಗ ಖುಷಿನಽ ಆತು! ಸತ್ತವರಿಗೆ ಎಲ್ಲಾ ಗೊತ್ತಿರ್ತೈತಿ ಅಂತಾರಲ್ಲ, ಈಗರ ಹೇಳ್ತಾನ ಅಂದ್ಕೊಂಡು ಬಾಯಿ ತಗೀತೇನಿ, ಅಂವಽ ನನ್ನ ಕೇಳಿದ. 'ನನಗ ಹ್ಯಾಂಗ ಗೊತ್ತಾಗ್ತಿತ್ರಿ, ಮಾಸ್ತರ? ನೀವು ಬರಕೊಂಡೀರಲ್ಲ, ಹೇಳ್ರಿ.' ವಹಿ ಪೂರಾ ಓದಿದೆ. 'ಇದಲ್ಲ' ಅನ್ನೋ ಹಂಗ ತಲಿ ಅಲ್ಲಾಡಿಸಿದ. ವರ್ಷಾ ವರ್ಷಾ ಬರ್ತಾನ, ಅದನ್ನಽ ಕೇಳ್ತಾನ. ಹೋದ ವರ್ಷ ನನಗೂ ತಲಿ ಕೆಟ್ಟು, 'ನನಗೇನು ಗೊತ್ತೋ, ಹೋಗೋ ಮಾರಾಯಾ!' ಅಂತ ಒದರಿದೆ. ಎದ್ದು ಹೊಂಟಾಂವ ತಿರುಗಿ ನಿಂತು ನನ್ನ ಎದಿ ನೋಡಿದ. 'ಹೋಗ್ಲಿ ಬಿಡ್ರಿ. ನೀವು ಉಸರು ಹ್ಯಾಂಗ ತಗೋತೀರಿ? ಅದನ್ನರ ಹೇಳ್ರಿ,' ಅಂದ."

ಮಾಸ್ತರರ ಎದೆ ಏರಿತು, ನಿಂತಿತು, ಮೆಲ್ಲಗೆ ಇಳಿಯಿತು.

"ಅವತ್ತಿಂದ ಅದು ತಾನಽ ಆಗವಲ್ದವ್ವ. ಒಂದೊಂದು ಉಸರೂ ನೆನಪು ಮಾಡಿ ಎಳಕೋಬೇಕು, ನೆನಪು ಮಾಡಿ ಬಿಡಬೇಕು. ಮರತ್ರ ನಿಂತಬಿಡ್ತೈತಿ. ಒಂದ ವರ್ಷಾತು ನಾ ಕಣ್ಣು ಮುಚ್ಚಿಲ್ಲ... ಈಗ ಅಂವ ಕೇಳಿದ್ದು ನಿಮ್ಮ ಕಿವಿಗೂ ಬಿತ್ತು. ನೀವೆಲ್ಲಾ ಉಸರು ಹ್ಯಾಂಗ ತಗೊಳ್ಳಾಕತ್ತೀರಿ, ಸ್ವಲ್ಪ ನೋಡಿಕೋರಿ."