ಆರಿನ್ ಹ್ಯಾಲೆಟ್‌ನ ಎಡಗಡೆ

...ಅಲ್ಲಿ ನಿಲ್ಲಬೇಡ ಅಂದೆನಲ್ಲ. ಈ ಕಡೆ ಬಾ. ಇನ್ನೂ ಸ್ವಲ್ಪ... ಹ್ಞಾ, ಸಾಕು. ಯಾಕಾ? ಇರುವೆ ಗೂಡಿದೆ ಅಲ್ಲಿ. ಕಾಲಿಗೆ ಹತ್ತಿದ್ರೆ ಆಮೇಲೆ ಅಯೋವಾದೋರು ಹೀಗೆ ಹಾಗೆ ಅಂತ ನೆಬ್ರಾಸ್ಕಾ ತುಂಬ ಹೇಳ್ಕೊಂಡು ತಿರುಗ್ತೀಯ. ತಗೋ, ಈ ಬಕೆಟ್ಟು ಹಿಡ್ಕೊ. ಮೆಲ್ಲಗೆ! ಪಿಯೋನಿ ಹೂವಿನ ದಂಟು ಮುರಿದೀತು.

ಏನು ಹೇಳ್ತಿದ್ದೆ? ಹ್ಞಾ, ನಿನ್ನ ಟ್ಯಾಮ್ಸಿನ್.

ನೋಡಮ್ಮ ಡಾರ್ಲಾ, ಬೆಳಗಿನ ಜಾವಕ್ಕೇ ಎದ್ದು ಕಾರು ಓಡಿಸ್ಕೊಂಡು ಬಂದಿದ್ದೀಯ, ಪಾಪ, ಇಲ್ಲ ಅನ್ನಲ್ಲ. ಅದಕ್ಕೇ ಕಾಫಿ ಕೊಟ್ಟೆ, ಕೇಕು ಕೊಟ್ಟೆ, ಡೆಕೊರೇಷನ್ ದಿನ ಗೋರಿಗಳಿಗೆ ಹೂವಿಡೋಕೆ ಸ್ಮಶಾನಕ್ಕೆ ಹೊರಟಿದ್ದೋಳು ನಿನ್ನನ್ನೂ ಕರ್ಕೊಂಡು ಬಂದೆ. ಆದ್ರೆ ಬಾಗಿಲು ತೆಗೆದ ತಕ್ಷಣ "ಆಂಟಿ, ನಾನೂ ಹ್ಯಾಲೆಟ್ ವಂಶದೋಳೇ" ಅಂದುಬಿಟ್ಟೆಯಲ್ಲ... ಯಾರಿಗಮ್ಮ ಆಂಟಿ? ಈ ಆರ್ಡಿತ್ ಹ್ಯಾಲೆಟ್‌ಗೆ ಎಷ್ಟು ಜನ ಅಣ್ಣತಮ್ಮಂದಿರು, ಅವರಿಗೆ ಎಷ್ಟು ಮಕ್ಕಳು, ಇಡೀ ಕೌಂಟಿಗೇ ಗೊತ್ತು.

ಈಚೆಗೆ ಎಲ್ಲರಿಗೂ ಇದೇ ಹುಚ್ಚು ಹಿಡಿದಿದೆ. ಕೆಲಸದಿಂದ ನಿವೃತ್ತಿ ಆಯ್ತಾ, ಮಾರನೇ ದಿನದಿಂದ ವಂಶವೃಕ್ಷ. ಹೋದ ವರ್ಷ ಒಬ್ಬ ಬಂದಿದ್ದ ಒಹಾಯೋದಿಂದ, ಕೊರಳಿಗೊಂದು ಕ್ಯಾಮೆರಾ. ತಾನು ಸ್ಕಾಟ್ಲೆಂಡಿನ ರಾಜರ ಸಂತತಿಯಂತೆ. ನಮ್ಮ ಹಂದಿ ಕೊಟ್ಟಿಗೆ ದಾಟೋ ಹೊತ್ತಿಗೆ ಮಹಾರಾಜರಿಗೆ ತಲೆ ಸುತ್ತಿ ಬಂತು. ಮೂಗು ಮುಚ್ಕೊಂಡೇ ಫೋಟೊ ತೆಗೆದ.

ಯಾಕೆ ನಗ್ತೀಯ? ನೀನೇನು ಕಮ್ಮಿಯಾ? ಅವನಾದ್ರೂ ಫೋಟೊ ತೆಗೆದು ಹೋದ. ನೀನು ನಮ್ಮ ಕಲ್ಲಿಗೇ ಕೈ ಹಾಕ್ತಿದ್ದೀಯ.

ಅಲ್ಲ, ನೀನೇ ಹೇಳು. ಆಗಸ್ಟಲ್ಲಿ ಕುಟುಂಬದೋರೆಲ್ಲ ಸೇರ್ತೀವಿ. ಅಷ್ಟರಲ್ಲಿ ಆ ಗೇಟಿನ ಹತ್ತಿರ ಗ್ರಾನೈಟ್ ಕಲ್ಲು ನಿಲ್ಲಿಸಬೇಕು ಅಂತ ಎಲ್ಲರೂ ಸೇರಿ ನನಗೆ ಒಪ್ಪಿಸಿದ್ದಾರೆ. "ಆರಿನ್ ಹ್ಯಾಲೆಟ್, ಲವೀನಾ ಹ್ಯಾಲೆಟ್. ಈ ನೆಲ ಉತ್ತ ಮೊದಲ ದಂಪತಿ." ಅಷ್ಟೇ. ಸೋಮವಾರ ಕೆತ್ತೋನು ಬರ್ತಾನೆ. ನೀನು ಇವತ್ತು ಬಂದು, ಅವರಿಬ್ಬರ ಮಧ್ಯ ಇನ್ನೊಂದು ಹೆಸರು ತುರುಕು ಅಂತೀಯ. ನನ್ನ ಮುತ್ತಜ್ಜ ಮುತ್ತಜ್ಜಿ ಮಧ್ಯ! ನಾಚಿಕೆ ಬೇಡವಾ?

ಟ್ಯಾಮ್ಸಿನ್ ಅನ್ನೋಳು ಇರಲೇ ಇಲ್ಲ ಅಂದೆನಾ ನಾನು? ಇದ್ದಳು. ಮನೆಗೆಲಸದ ಹುಡುಗಿ. ಹಾಲು ಕರೀತಿದ್ದಳು, ಬೆಣ್ಣೆ ಕಡೀತಿದ್ದಳು, ಕೆಲಸ ಬಿಟ್ಟು ಹೋದಳು. ಎಲ್ಲಿಗೆ ಹೋದಳೋ, ಯಾರನ್ನ ಕಟ್ಟಿಕೊಂಡಳೋ, ನನಗೇನು ಗೊತ್ತು? ನಿನ್ನ ಮುತ್ತಜ್ಜ ಲೀವೈ ಅವಳ ಮಗ ಅಂತೀಯ, ಇರಬಹುದು, ಸಂತೋಷ. ಅವನಪ್ಪ ಆರಿನ್ ಅಂತ ಯಾರು ಹೇಳಿದ್ದು? ನಿಮ್ಮಜ್ಜಿ. ನಿಮ್ಮಜ್ಜಿಗೆ ಯಾರು ಹೇಳಿದ್ದು? ಅವರಪ್ಪ. ಎಳೇ ಕೂಸಾಗಿದ್ದಾಗ ಚಿಕ್ಕಮ್ಮ ಎತ್ಕೊಂಡು ಗಾಡಿ ಹತ್ತಿದಳು ಅಂತೀಯ. ಹಾಲು ಕುಡಿಯೋ ಕೂಸಿಗೆ ಅಷ್ಟೆಲ್ಲ ನೆನಪಿತ್ತಾ?

ಕೇಳು, ಹೆತ್ತ ಮಗನನ್ನ ಬೇರೆಯೋರ ಕೈಗೆ ಕೊಟ್ಟು ಕಳಿಸೋ ಜನ ಅಲ್ಲ ನಾವು. ಹ್ಯಾಲೆಟ್ ಮನೆ ಬಾಗಿಲಿಂದ ಯಾರನ್ನೂ ಆಚೆ ಅಟ್ಟಿಲ್ಲ. ಗೂಡ್ಸ್ ರೈಲಿಂದ ಇಳಿದು ಬರ್ತಿದ್ದ ಅಲೆಮಾರಿಗಳನ್ನೂ ನಮ್ಮಜ್ಜಿ ಅಡುಗೆಮನೆ ಮೆಟ್ಟಿಲ ಮೇಲೆ ಕೂರಿಸಿ ಬಡಿಸಿದಳು. ಅಂಥಾ ಮನೆ ಇದು. ನೀನು ಬಂದು ಮಸಿ ಬಳೀಬೇಡ.

ಓಹೋ, ಈಗ ಕಣ್ಣಲ್ಲಿ ನೀರಾ? ಇಲ್ಲಿ ಬೇಡ. ಹ್ಯಾಲೆಟ್ ಮನೆಯೋರು ಸ್ಮಶಾನದಲ್ಲಿ ಅಳಲ್ಲ. ಹೂವಿಡ್ತೀವಿ, ಕಳೆ ಕೀಳ್ತೀವಿ, ಮನೆಗೆ ಹೋಗಿ ಪೈ ತಿಂತೀವಿ. ನಿಮ್ಮ ಕಡೆಯೋರಿಗೆ ಅದೆಲ್ಲಿ ಬರಬೇಕು... ಕೊಡು ಇತ್ಲಾಗೆ, ಆ ಬಿಳೀದು. ಇದು ನಮ್ಮಪ್ಪನಿಗೆ. ಪಕ್ಕದಲ್ಲಿ ಅಮ್ಮ, ಗುಲಾಬಿ ಬಣ್ಣದ್ದು ಕೊಡು. ಇವನು ತಾತ, ಆರಿನ್ನೂ ಲವೀನಾನೂ ಹೆತ್ತ ಮಗ. ಅಲೆಮಾರಿಗಳಿಗೆ ಬಡಿಸ್ತಿದ್ದ ಅಜ್ಜಿ ಅಗೋ, ಅವನ ಪಕ್ಕ. ಈ ಹೂವಿನ ಡಬ್ಬಿ ಹುಲ್ಲಿಗೆ ಒತ್ತಿ ಇಡು, ಗಾಳಿಗೆ ಉರುಳುತ್ತೆ.

ನೋಡಿದೆಯಾ, ಹೇಗಿದೆ ಸಾಲು? ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ, ಗಂಡನ ಎಡಕ್ಕೆ ಹೆಂಡತಿ. ಮದುವೆ ದಿನ ಚರ್ಚಲ್ಲಿ ಹೇಗೆ ನಿಂತರೋ ಹಾಗೇ ಮಲಗಿಸ್ತೀವಿ. ಕೊನೇ ತೀರ್ಪಿನ ದಿನ ಗೋರಿಯಿಂದ ಎದ್ದು ಕೂತಾಗ ಪಕ್ಕದಲ್ಲಿ ಯಾರು ಅಂತ ತಡಕಾಡಬಾರದು ನೋಡು. ನಮ್ಮ ಸಾಲಲ್ಲಿ ಒಬ್ಬರೂ ತಪ್ಪಿಲ್ಲ. ಈಗಿನೋರು ಜಾಗ ಸಿಕ್ಕ ಕಡೆ ಹೂತು ಬರ್ತಾರೆ, ಹೆಂಡತಿ ಒಂದೂರಲ್ಲಿ, ಗಂಡ ಇನ್ನೊಂದೂರಲ್ಲಿ. ನಾವು ಹಾಗಲ್ಲ. ಎಡಕ್ಕೆ ಅಂದ್ರೆ ಎಡಕ್ಕೇ. ಕೊನೇದು ಇದು, ಆರಿನ್. ಇದು ಲವೀನಾ...

ಏನು?

ಏನು ನೋಡ್ತಿದ್ದೀಯ? ಬಾ, ಮುಗೀತು.

ಹ್ಞೂ, ಅವಳು ಬಲಕ್ಕಿದ್ದಾಳೆ. ಅದಕ್ಕೇನೀಗ? ಆ ಕಾಲದಲ್ಲಿ... ಚಳಿಗಾಲ ಇರಬೇಕು, ನೆಲ ಹೆಪ್ಪುಗಟ್ಟಿತ್ತೇನೋ, ಅಗೆಯೋಕೆ ಸುಲಭ ಆದ ಕಡೆ ಅಗೆದಿರ್ತಾರೆ. ಜೂನ್? ಕಲ್ಲ ಮೇಲೆ ಜೂನ್ ಅಂತ ಇದೆಯಾ? ಇರಲಿ. ಬೇರು ಗೀರು ಸಿಕ್ಕಿರುತ್ತೆ, ಬಂಡೆ ಸಿಕ್ಕಿರುತ್ತೆ. ಎಡಗಡೆ ಯಾರೂ ಇಲ್ಲ. ಬರೀ ಹುಲ್ಲು. ಇರುವೆ ಗೂಡು ಅಂತ ಆಗಲೇ ಹೇಳಿದೆನಲ್ಲ.

ಬಗ್ಗಿ ಏನು ಹುಡುಕ್ತೀಯ? ಇರುವೆ... ಒಳಗಡೆ ಇರುತ್ತಮ್ಮ ಗೂಡು. ಹುಲ್ಲು ನೀಟಾಗಿದ್ರೆ ಅದೇನು ತಪ್ಪಾ? ಎಲ್ಲಾ ಕಡೆ ಕತ್ತರಿಸ್ತೀನಿ, ಅಲ್ಲೂ ಕತ್ತರಿಸ್ತೀನಿ.

ಬಕೆಟ್ಟು ಯಾಕೆ ನೋಡ್ತೀಯ? ಹೌದು, ಒಂದು ಕಟ್ಟು ಉಳಿದಿದೆ. ಒಂದು ಹೆಚ್ಚಿಗೆ ತರ್ತೀನಿ, ಯಾವುದಾದ್ರೂ ಬಾಡಿದ್ರೆ ಇರಲಿ ಅಂತ. ಅದಕ್ಕೂ ಡಬ್ಬಿ ಇದೆ, ಹೌದು! ಡಬ್ಬಿಗೆ ನೀರೂ ತುಂಬಿದ್ದೀನಿ! ಏನೀಗ?

ಡಾರ್ಲಾ.

ಹಾಗೆ ನೋಡಬೇಡ. ಏನಾದ್ರೂ ಅನ್ನು. ಬೆಳಗಿಂದ ವಟವಟ ಅಂತಿದ್ದೆಯಲ್ಲ, ಆ ಅಜ್ಜಿ ಹೀಗಂದಳು, ಈ ಅಜ್ಜ ಹಾಗಂದ ಅಂತ, ಈಗೇನು ಬಂತು ಬಾಯಿಗೆ?

...ತಾತ ಇಡ್ತಿದ್ದ. ಪ್ರತಿ ವರ್ಷ, ಎಲ್ಲರಿಗೂ ಇಟ್ಟಾದ ಮೇಲೆ, ಕೊನೇ ಕಟ್ಟು ಅಲ್ಲಿ. ಯಾರು ತಾತ ಇಲ್ಲಿ ಅಂದೆ. ಯಾರೂ ಇಲ್ಲ ಅಂದ. ಯಾರೂ ಇಲ್ಲದೋರಿಗೆ ಹೂ ಯಾಕೆ ಅಂದೆ. ಡಬ್ಬಿ ಒತ್ತಿಟ್ಟು ಎದ್ದು ನಡೆದ ಮುದುಕ. ಸಾಯೋ ಮುಂಚೆ ಹೇಳಿದ. ಅವನ ಅಪ್ಪನಿಗೆ ಮೊದಲ ಹೆಂಡತಿ ಇದ್ದಳು, ಬಾಣಂತನದಲ್ಲಿ ಹೋದಳು. ಲವೀನಾ, ನನ್ನ ಮುತ್ತಜ್ಜಿ, ಮದುವೆಯಾಗಿ ಬಂದವಳು ಗಾಡಿಯಿಂದ ಇಳೀಲೇ ಇಲ್ವಂತೆ. ಆ ಕೂಸು ಇರೋ ಮನೆಗೆ ಕಾಲಿಡಲ್ಲ ಅಂದಳಂತೆ. ಆರಿನ್ ಹ್ಯಾಲೆಟ್, ಆ ದೊಡ್ಡ ಮನುಷ್ಯ, ಒಳಗೆ ಹೋಗಿ ಕೂಸನ್ನ ಕಂಬಳಿ ಸಮೇತ ಎತ್ತಿ, ಅದೇ ಬಾಗಿಲಿಂದ ಆಚೆ ತಂದು ಸತ್ತವಳ ತಂಗಿ ಕೈಗೆ ಕೊಟ್ಟ. ಗೋರಿಗೆ ಕಲ್ಲನ್ನೂ ಹಾಕಿಸಲಿಲ್ಲ. ತಾತ ತನ್ನ ಅಣ್ಣನ ಮುಖ ಯಾವತ್ತೂ ನೋಡಲಿಲ್ಲ. ನನ್ನ ಕೈ ಹಿಡ್ಕೊಂಡು "ನನಗೊಬ್ಬ ಅಣ್ಣ ಇದ್ದ" ಅಂತ ಅತ್ತ.

ಆ ಬಾಗಿಲಲ್ಲೇ ನಿನ್ನನ್ನ ಇವತ್ತು ನಿಲ್ಲಿಸಿ, ಯಾರಿಗಮ್ಮ ಆಂಟಿ ಅಂದೆ ನಾನು.

ತಗೋ, ಆ ಕಟ್ಟು ನೀನೇ ಇಡು. ಅಲ್ಲಲ್ಲ, ಅದು ಕಾಲಿನ ಕಡೆ. ತಲೆ ಇತ್ಲಾಗೆ, ಆರಿನ್ ಕಲ್ಲಿನ ಸಮಕ್ಕೆ, ಎಡಗಡೆ. ಹ್ಞಾ. ಡಬ್ಬಿ ಒತ್ತಿ ಇಡು. ಸೋಮವಾರ ಕೆತ್ತೋನು ಬಂದಾಗ ನೀನೂ ಇರು, ಹೆಸರು ನೀನೇ ಹೇಳು. ಆ ಹೆಸರಿಗೆ ಹ್ಯಾಲೆಟ್ ಸೇರಿಸಿ ಗಟ್ಟಿಯಾಗಿ ಹೇಳಿ ನನಗೆ ಅಭ್ಯಾಸ ಇಲ್ಲ.

ಥೂ, ಮತ್ತೆ ಶುರು ಮಾಡಿದೆಯಾ. ಕಣ್ಣು ಒರೆಸ್ಕೊ. ಹ್ಯಾಲೆಟ್ ಮನೆಯೋರು ಸ್ಮಶಾನದಲ್ಲಿ ಅಳಲ್ಲ ಅಂತ ಎಷ್ಟು ಸಲ ಹೇಳಬೇಕು ನಿನಗೆ?