ಕುಯ್ದು ಬೆಸೆದ ಆಕ್ಸಲ್

ನಂಜನಗೂಡಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಯಾರೋ ಒಬ್ಬ ಭಾವ, ಅವನ ಬಾಮೈದ ಕೂತಿದ್ದರು. ಬಾಮೈದನ ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಮರಳಲ್ಲಿ ಓಡಿಸಲು ಮನೆಯಲ್ಲೇ ಕಟ್ಟಿದ ಬಗ್ಗಿ ಮೋಟಾರು ಗಾಡಿಗೆ ಹಿಂಚಕ್ರಗಳ ಆಕ್ಸಲ್ ಹುಡುಕಲು ಮೈಸೂರಿನ ಗುಜರಿಗೆ ಹೊರಟಿದ್ದರು.

“ಜೀಪಿನ ಆಕ್ಸಲ್ಲೇ ಗಟ್ಟಿ ಕಣ್ಲಾ. ಅಗ್ಲ ಜಾಸ್ತಿ, ಅರ್ಧ ಅಡಿ ಕುಯ್ದು ವೆಲ್ಡ್ ಮಾಡ್ತೀನಿ,” ಎಂದ ಭಾವ.

“ಓದ್ಸಲನೂ ಅಂಗೇ ಮಾಡ್ದೆ. ಎಮ್ಮಿಗೆ ಊರ್ತಾವ ಮರಳಲ್ಲಿ ವೆಲ್ಡು ಬಿಟ್ಟು ಚಕ್ರ ಕಿತ್ಕಂಡೋಯ್ತು. ಗಾಡಿ ನನ್ನ ಮೇಲೆ ಬಿತ್ತು.”

“ಬೇಕು ಅಂತ ಮಾಡುದ್ನಾ?”

“ಈ ಸಲ ಗರಗಸ ಮುಟ್ಟು, ಅದೇ ಆಕ್ಸಲ್ಲಲ್ಲಿ ನಿನ್ನ ಮಂಡಿ ಪುಡಿ ಮಾಡ್ತೀನಿ.”

“ಒಡಿಯಕ್ಕೆ ಕೈ ಎಲ್ಲದೆ?”

“ಎಡಗೈ ಅದೆ. ಅಕ್ಕ ಅಡ್ಡ ಬಂದ್ರೂ ಬುಡಕಿಲ್ಲ.”

“ನಿಮ್ಮಕ್ಕ ಅಡ್ಡ ಬರಕಿಲ್ಲ, ಒನಕೆ ತಂದ್ಕೊಡ್ತಾಳೆ.”

“ಆಕ್ಸಲ್ ಕುಯ್ಯಂಗಿಲ್ಲ ಭಾವ. ಗಾಡಿ ಫ್ರೇಮೇ ಅಗ್ಲ ಮಾಡು.”

“ಕಟ್ಟಿದ್ದೆಲ್ಲ ಬಿಚ್ಬೇಕಾಯ್ತದೆ. ಒಂದು ತಿಂಗ್ಳ ಕೆಲ್ಸ.”

“ಬಿಚ್ಚು. ಇಲ್ದಿದ್ರೆ ನಿನ್ನ ಪಕ್ಕೆಲುಬು ಒಂದೊಂದಾಗಿ ಬಿಚ್ತೀನಿ.”

ಭಾವ ಆ ಪ್ಲಾಸ್ಟರನ್ನೇ ನೋಡಿದ.

“ಆಯ್ತು, ಕುಯ್ಯಕಿಲ್ಲ. ಗದ್ದ ಎತ್ತು, ಗುಂಡಿ ಬಿಚ್ಚೋಗದೆ.”

“ಕುಯ್ದ್ರೆ ನಿನ್ನ ಸಾಯಿಸ್ಬುಡ್ತೀನಿ,” ಎನ್ನುತ್ತಲೇ ಬಾಮೈದ ಮಗುವಿನಂತೆ ಗದ್ದ ಎತ್ತಿ ಕೊಟ್ಟ. ಭಾವ ಅವನ ಅಂಗಿಯ ಗುಂಡಿ ಹಾಕಿದ. ಮೈಸೂರಿನ ಬಸ್ಸು ಬಂತು. ಪ್ಲಾಸ್ಟರ್ ಹಾಕಿದ ಕೈಗೆ ಯಾರೂ ತಾಗದಂತೆ ತನ್ನ ಬೆನ್ನು ಅಡ್ಡ ಕೊಟ್ಟು, ಭಾವ ಅವನನ್ನು ಮೊದಲು ಹತ್ತಿಸಿದ.