ಮಿತಿ ಎಷ್ಟೆಂದು ಕೇಳದ ಪ್ರೋಗ್ರಾಂ

ಮಗಳ ಹಲ್ಲು ತೋರಿಸಲು ಹೋಗಿದ್ದೆ. ಅವಳು ನನ್ನ ತೊಡೆಯ ಮೇಲೇ ನಿದ್ದೆ ಹೋಗಿದ್ದಳು. ಎದುರು ಬೆಂಚಿನಲ್ಲಿ ಕೆನ್ನೆ ಊದಿಸಿಕೊಂಡ ಒಬ್ಬ ಸಾಹೇಬ, ಪಕ್ಕದಲ್ಲಿ ಅವನ ಹೆಂಡತಿಯ ತಮ್ಮ. ಇಬ್ಬರದೂ ಒಂದೇ ಆಫೀಸು.

“ಒಂದು ಪ್ರೋಗ್ರಾಂ ಒಟ್ಟಿಗೆ ಎಷ್ಟು ಫೈಲ್ ತೆರೀಬಹುದು ಅನ್ನೋದಕ್ಕೆ ಸಿಸ್ಟಮ್‌ದೊಂದು ಮಿತಿ ಇರುತ್ತೆ. ಅದನ್ನ ಎಲ್ಲಿ ನೋಡಿದೆ?”

“ನನ್ನ ಕಂಪ್ಯೂಟರಿನ ಟರ್ಮಿನಲ್‌ನಲ್ಲಿ, ಭಾವ. ಅಲ್ಲಿ ಬಂದ ನಂಬರನ್ನೇ ಕೋಡಲ್ಲಿ ಬರೆದೆ.”

“ಅದು ನಿನ್ನ ಟರ್ಮಿನಲ್‌ಗೆ ಕೊಟ್ಟ ಮಿತಿ ಕಣಯ್ಯಾ. ಸರ್ವರ್‌ನಲ್ಲಿ ನಮ್ಮ ಪ್ರೋಗ್ರಾಂಗೆ ಕೊಟ್ಟಿರೋದು ತುಂಬಾ ಕಮ್ಮಿ. ಓಡ್ತಾ ಇರುವಾಗ ಪ್ರೋಗ್ರಾಮೇ ಸಿಸ್ಟಮ್ಮನ್ನ ಕೇಳ್ಕೋಬೇಕು, ನನಗೆಷ್ಟು ಅಂತ. ಒಂದು ಸಾಲಿನ ಕೆಲಸ.”

“ಅದಕ್ಕೇ ನಿನ್ನೆ ಗಿರಾಕಿಗಳ ಬುಕಿಂಗ್ ಎಲ್ಲಾ ನಿಂತುಹೋಯ್ತಾ?”

“ಮತ್ತಿನ್ನೇನು. ಮಿತಿ ಮೀರಿ ಫೈಲ್ ತೆರೆಯೋಕೆ ಹೋಗಿ ಪ್ರೋಗ್ರಾಂ ನಿಂತುಹೋಯ್ತು.”

“ನನ್ನ ಕೋಡನ್ನ ನೀವೇ ನೋಡಿ ಓಕೆ ಅಂದಿದ್ರಲ್ಲ ಭಾವ.”

“ನೋಡಿದ್ದೆ. ತಪ್ಪು ಅವತ್ತೇ ಕಣ್ಣಿಗೆ ಬಿತ್ತು.”

“ಯಾಕೆ ಹೇಳಲಿಲ್ಲ?”

“ನಿಮ್ಮಕ್ಕ ಊಟಕ್ಕೆ ಕೂತಾಗೆಲ್ಲ ನಿನ್ನ ತಲೆ ಹೊಗಳ್ತಾಳೆ. ಆ ತಲೇಲಿ ಏನಿದೆ ಅಂತ ಅವಳಿಗೂ ಗೊತ್ತಾಗ್ಲಿ ಅಂತ.”

“ನನ್ನ ಕೆಲಸ ಹೋಗುತ್ತೆ.”

“ಹೋಗಿ ಆಯ್ತು. ಬೆಳಿಗ್ಗೆ ನಾನೇ ಮೇಲಿನವರಿಗೆ ಮೇಲ್ ಹಾಕಿದೆ.”



“ಅಕ್ಕಂಗೆ ಏನು ಹೇಳ್ತೀರಿ?”

ಅಷ್ಟರಲ್ಲಿ ನರ್ಸ್ ಕರೆದರು. ಭಾವ ಎದ್ದು, ತನ್ನ ಚೀಲವನ್ನು ಹುಡುಗನ ಮಡಿಲಿಗೆ ಹಾಕಿದ.

“ನಾನೆಲ್ಲಿ ಹೇಳ್ಲಿ? ಹಲ್ಲು ಕಿತ್ತ ಮೇಲೆ ನನಗೆ ಬಾಯಿ ಆಡಲ್ಲ. ನೀನೇ ಫೋನ್ ಮಾಡು. ಗಂಜಿ ಮಾಡಿಡೋಕೆ ಹೇಳು, ಹಾಗೇ ಇದನ್ನೂ ಹೇಳ್ಬಿಡು.”

ಬಾಗಿಲು ಮುಚ್ಚಿತು. ಹುಡುಗ ಚೀಲವನ್ನು ಹೆಗಲಿಗೇರಿಸಿ, ಫೋನ್ ಹಿಡಿದು ಮೆಟ್ಟಿಲ ಕಡೆ ನಡೆದ.